ಬಾಟಲಿಯ ಮೇಲೆ ಊರಿನ ಹೆಸರು

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಕೂಲಿಕಾರರ ಸಂಜೆಗಳನ್ನು, ಅವರ ಮನೆಯ ಹೆಂಗಸರ ನೆಮ್ಮದಿಯನ್ನು ಎಷ್ಟೋ ಕಾಲ ನುಂಗಿದ್ದ ಪ್ಯಾಕೆಟ್‌ಗಳು ಅಂದು ಅಂಗಡಿಗಳಿಂದ ಮರೆಯಾದವು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ವೈನ್ ತಯಾರಿಕೆಗೆ ರಿಯಾಯಿತಿ ಕೊಟ್ಟಿತು. ತೋಟಗಾರಿಕೆ ಇಲಾಖೆಯ ಆಶ್ರಯದಲ್ಲಿ ದ್ರಾಕ್ಷಾರಸ ಮಂಡಳಿ ಹುಟ್ಟಿಕೊಂಡಿತು. ಒಂದೇ ವರ್ಷದಲ್ಲಿ ಒಂದು ಮದ್ಯಕ್ಕೆ ಬಾಗಿಲು ಹಾಕಿ ಇನ್ನೊಂದಕ್ಕೆ ಹಾಸುಗಂಬಳಿ ಹಾಸಿದ್ದನ್ನು ಹಲವರು ಆಗಲೇ ಪ್ರಶ್ನಿಸಿದರು. ಅದಕ್ಕೆ ಸಿಕ್ಕ ಉತ್ತರ ಒಂದೇ: ಇದು ದ್ರಾಕ್ಷಿ ಬೆಳೆಗಾರನ ನೀತಿ. ಮಂಡಳಿಯನ್ನು ಅಬಕಾರಿ ಇಲಾಖೆಗೆ ಒಪ್ಪಿಸದೆ ತೋಟಗಾರಿಕೆಗೆ ಸೇರಿಸಿದ್ದರ ಅರ್ಥವೂ ಅದೇ.

ಆ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಈ ರಾಜ್ಯದ ವೈನ್ ಪ್ರವಾಸೋದ್ಯಮವನ್ನು ಅಳೆಯಬೇಕಾದ ಅಳತೆಗೋಲು ಅದೇ. ಎಷ್ಟು ಬಾಟಲಿ ಮಾರಾಟವಾಯಿತು, ವಾರಾಂತ್ಯಕ್ಕೆ ಎಷ್ಟು ಕಾರು ಬಂದವು ಎಂಬ ಲೆಕ್ಕ ಸುಲಭ. ದ್ರಾಕ್ಷಿ ಬೆಳೆಯುವ ಊರಿಗೆ ಏನು ಸಿಕ್ಕಿತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಒಂದು ವೈನ್ ಇಂಥ ಊರಿನಲ್ಲಿ ಮಾತ್ರ ಹೀಗೆ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದರೆ ಮಾತ್ರ ಜನ ಅದಕ್ಕಾಗಿ ಪ್ರಯಾಣ ಮಾಡುತ್ತಾರೆ. ಆ ನಂಬಿಕೆ ಹುಟ್ಟಿಸುವ ಮಣ್ಣು, ತಳಿ, ಕೈಕೆಲಸ ಎಲ್ಲವೂ ನಮ್ಮಲ್ಲಿವೆ. ಅವನ್ನು ಹೆಸರಿಟ್ಟು ತೋರಿಸುವ ಕೆಲಸ ಮಾತ್ರ ಇನ್ನೂ ಅರೆಬರೆಯಾಗಿದೆ.

ಮೊದಲು ನೆಲದ ಮಾತು. ಕರ್ನಾಟಕದ ವೈನ್ ಪ್ರದೇಶಗಳನ್ನು ಸಾಮಾನ್ಯವಾಗಿ ನಾಲ್ಕಾಗಿ ಹೇಳುವುದು ವಾಡಿಕೆ: ನಂದಿ ಕಣಿವೆ, ಕೃಷ್ಣಾ ಕಣಿವೆ, ಹಂಪಿ ಬೆಟ್ಟಗಳು, ಕಾವೇರಿ ಕಣಿವೆ. ಇವುಗಳಲ್ಲಿ ಪ್ರವಾಸಿಗೆ ಹೆಚ್ಚು ಪರಿಚಯವಿರುವುದು ನಂದಿ. 1,478 ಮೀಟರ್ ಎತ್ತರದ ಬೆಟ್ಟ, ಅದರ ಸುತ್ತ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಹರಡಿರುವ ಕೆಂಪುಮಣ್ಣಿನ ಹೊಲಗಳು. ಫೆಬ್ರವರಿ, ಮಾರ್ಚ್‌ನಲ್ಲಿ ಹಗಲು ಬಿಸಿಲು ಸುರಿದರೂ ರಾತ್ರಿ ತಂಪು ಇಳಿಯುತ್ತದೆ. ಹಣ್ಣಿನಲ್ಲಿ ಸಕ್ಕರೆ ಏರುವಾಗಲೂ ಹುಳಿ ಪೂರ್ತಿ ಬತ್ತದಂತೆ ಕಾಯುವುದು ಈ ತಂಪೇ. ಮುಂಬೈ ಮೂಲದ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ಎಲ್ಲೆಲ್ಲೋ ಹುಡುಕಿ ಕೊನೆಗೆ ದೊಡ್ಡಬಳ್ಳಾಪುರದ ಬಳಿ ನೆಲೆ ನಿಂತದ್ದು ಈ ಗುಣವನ್ನು ನಂಬಿ. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಶುರುವಾಯಿತು. 1990ರ ದಶಕದ ಮಧ್ಯಭಾಗದಿಂದ ಬೋರ್ದೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಇಲ್ಲಿಗೆ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಬೆರೆತ ಅವರ ಲಾ ರಿಸರ್ವ್ ಭಾರತದ ಕೆಂಪು ವೈನ್‌ಗಳಲ್ಲಿ ಎದ್ದು ನಿಂತಿತು. 2012ರಲ್ಲಿ ಈ ಸಂಸ್ಥೆ ನಾಶಿಕ್‌ನ ಜಂಪಾ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಸರ್ಕಾರಿ ನೀತಿ ಬರುವುದಕ್ಕೆ ಒಂದು ದಶಕಕ್ಕೂ ಮೊದಲೇ ನಂದಿಯ ತಪ್ಪಲು ವೈನ್ ಕೊಡಬಲ್ಲದು ಎಂಬುದು ಸಾಬೀತಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ನೀತಿ ಹುಟ್ಟಿಸಿದ ಉದ್ಯಮವಲ್ಲ ಇದು, ಉದ್ಯಮದ ಹಿಂದೆ ಬಂದ ನೀತಿ.

ಆಮೇಲೆ ಬಂದವರು ಬೇರೆ ಬೇರೆ ದಿಕ್ಕಿಗೆ ಹರಡಿಕೊಂಡರು. ಗುಂಡಮಗೆರೆ ಕಡೆಯ ಸೋಮಾ, ನಂದಿ ಕಣಿವೆಯ ಎಸ್‌ಡಿಯು, ತಾವರೆಕೆರೆಯ ಬಿಗ್ ಬನ್ಯಾನ್, ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣದ ಬಳಿ ಹಿಂದೆ ಹೆರಿಟೇಜ್ ಎನಿಸಿಕೊಂಡಿದ್ದು ಈಗ ಡೊಮೇನ್ ಸುಲಾ ಆಗಿರುವ ವೈನರಿ. ಇವೆಲ್ಲ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದಷ್ಟು ದೂರದಲ್ಲಿವೆ. ಕೊಪ್ಪಳ ಜಿಲ್ಲೆಯ ಬಂಡೆಗಲ್ಲಿನ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ ಮಾತ್ರ ಬೇರೆಯೇ ಜಗತ್ತು. ಅಲ್ಲಿಯ ಸಾಂಜೊವೇಸಿ, ಕ್ಯಾಬರ್ನೆಗಳ ಬಗ್ಗೆ ವೈನ್ ಬಲ್ಲವರು ಆದರದಿಂದ ಮಾತಾಡುತ್ತಾರೆ. ವಿಜಯನಗರದ ಪೇಟೆಯಲ್ಲಿ ಸಿಗುತ್ತಿದ್ದ ಹಣ್ಣುಗಳ ಪಟ್ಟಿಯಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ದ್ರಾಕ್ಷಿಯನ್ನೂ ಸೇರಿಸಿದ್ದಾನೆ. ಆ ಸೀಮೆಗೆ ದ್ರಾಕ್ಷಿ ಹೊಸಬನಲ್ಲ.

ನಾಶಿಕ್ ನಮ್ಮನ್ನು ಹಿಂದೆ ಹಾಕಿದ್ದು ಹೇಗೆ ಎಂಬ ಪ್ರಶ್ನೆ ಎಲ್ಲ ಚರ್ಚೆಗಳಲ್ಲೂ ಬರುತ್ತದೆ. ಮಹಾರಾಷ್ಟ್ರ ತನ್ನ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು 2001ರಲ್ಲೇ ತಂದಿತ್ತು. ನಾರಾಯಣಗಾಂವ್‌ನ ಇಂಡೇಜ್ ಸಂಸ್ಥೆ 1980ರ ದಶಕದಲ್ಲೇ ದಾರಿ ಹಾಕಿತ್ತು. ಅಮೆರಿಕದ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಕಟ್ಟಿದ ಸುಲಾ 2000ದಲ್ಲಿ ಮೊದಲ ವೈನ್ ಹೊರತಂದು 2005ರಲ್ಲಿ ರುಚಿ ನೋಡುವ ಕೋಣೆ ತೆರೆಯಿತು. 2008ರಲ್ಲಿ ಸುಲಾಫೆಸ್ಟ್ ಆರಂಭಿಸಿತು. ಇವೆಲ್ಲ ಸರಿಯೇ. ಆದರೆ ನನ್ನ ಪ್ರಕಾರ ನಿರ್ಣಾಯಕವಾದದ್ದು ಇನ್ನೊಂದು. ನಾಶಿಕ್‌ನಲ್ಲಿ ವೈನರಿಗಳು ಒಂದರ ಪಕ್ಕ ಒಂದು ಇವೆ. ಒಂದು ಕಡೆ ತಂಗಿ ಮೂರ್ನಾಲ್ಕು ಕಡೆ ಸುತ್ತಬಹುದು. ತೀರ್ಥಕ್ಷೇತ್ರವಾದ್ದರಿಂದ ಬಸ್ಸು, ರೈಲು, ವಸತಿ ಮೊದಲೇ ಇದ್ದವು. ಎಲ್ಲಕ್ಕಿಂತ ಮಿಗಿಲಾಗಿ ‘ನಾಶಿಕ್’ ಎಂಬ ಹೆಸರು ಬಾಟಲಿಗೂ ಊರಿಗೂ ಒಂದೇ ಆಯಿತು. ‘ನಾಶಿಕ್ ವ್ಯಾಲಿ ವೈನ್’ ಭೌಗೋಳಿಕ ಸೂಚ್ಯಂಕವನ್ನೂ ಪಡೆಯಿತು. ನಮ್ಮಲ್ಲಿ ದೊಡ್ಡಬಳ್ಳಾಪುರಕ್ಕೂ ವಿಜಯಪುರಕ್ಕೂ ಸುಮಾರು ಐನೂರು ಕಿಲೋಮೀಟರ್ ದೂರ. ಅವೆರಡನ್ನೂ ಒಂದೇ ‘ಕರ್ನಾಟಕ ವೈನ್’ ಎಂಬ ಚೀಲಕ್ಕೆ ತುಂಬಿದರೆ ಎರಡಕ್ಕೂ ಗುರುತು ಉಳಿಯುವುದಿಲ್ಲ.

ಬೆಂಗಳೂರಿನ ಸುತ್ತಲಿನ ವೈನರಿಗಳ ಪ್ರವಾಸ ಈಗ ಒಂದು ಹದಕ್ಕೆ ಬಂದಿದೆ. ಮೊದಲೇ ಬುಕ್ ಮಾಡಬೇಕು. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋದರೆ ಮಾರ್ಗದರ್ಶಿಯೊಬ್ಬರು ಬಳ್ಳಿಯ ಸಾಲುಗಳ ಅಂಚಿನವರೆಗೆ ಕರೆದೊಯ್ಯುತ್ತಾರೆ. ಆಮೇಲೆ ಹಣ್ಣನ್ನು ತೊಟ್ಟಿನಿಂದ ಬಿಡಿಸಿ ಹಿಂಡುವ ಯಂತ್ರ, ಎರಡಾಳು ಎತ್ತರದ ಸ್ಟೀಲ್ ಟ್ಯಾಂಕ್‌ಗಳು, ಕೊನೆಗೆ ತಣ್ಣನೆಯ ನೆಲಮಾಳಿಗೆಯಲ್ಲಿ ಸಾಲಾಗಿ ಮಲಗಿಸಿದ ಓಕ್ ಪೀಪಾಯಿಗಳು. ಅಲ್ಲಿನ ಗಾಳಿಯಲ್ಲಿ ಹುಳಿಹಿಟ್ಟು, ಒದ್ದೆ ಮರ ಎರಡೂ ಬೆರೆತ ವಾಸನೆ ಇರುತ್ತದೆ. ಕೊನೆಗೆ ನಾಲ್ಕೈದು ಬಗೆಯ ವೈನ್ ಒಂದೆರಡು ಗುಟುಕಿನಷ್ಟು ಸುರಿದುಕೊಟ್ಟು ಲೋಟ ತಿರುಗಿಸಿ ಮೂಸುವುದನ್ನು ಹೇಳಿಕೊಡುತ್ತಾರೆ. ಕೊಯ್ಲಿನ ಕಾಲದಲ್ಲಾದರೆ ದೊಡ್ಡ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಆಟವೂ ಉಂಟು. ಚೆನ್ನಾಗಿಯೇ ನಡೆಸುತ್ತಾರೆ. ಆದರೂ ಒಂದು ಕೊರತೆ ಎದ್ದು ಕಾಣುತ್ತದೆ. ಇಡೀ ಪ್ರವಾಸದಲ್ಲಿ ಬಳ್ಳಿ ಒಂದು ಫೋಟೊ ಹಿನ್ನೆಲೆಯಾಗಿ ಉಳಿಯುತ್ತದೆ. ವೈನ್ ತಯಾರಾಗುವುದು ಟ್ಯಾಂಕಿನಲ್ಲಿ ಎಂಬ ಭಾವನೆ ಹೊತ್ತು ಜನ ಮನೆಗೆ ಮರಳುತ್ತಾರೆ.

ನಮ್ಮ ದ್ರಾಕ್ಷಿ ತೋಟದಲ್ಲಿ ನೋಡಲು ಇರುವುದಾದರೂ ಏನು? ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ಕತ್ತರಿಯಿಂದಲೇ ಅದಕ್ಕೆ ಋತುಗಳನ್ನು ಸೃಷ್ಟಿಸಿ ಕೊಡಬೇಕು. ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ಸಲ ಸವರುತ್ತಾರೆ. ಅದು ಕಡ್ಡಿ ಬೆಳೆಸುವ ಸವರುವಿಕೆ. ಮಳೆ ಇಳಿಯುವ ಹೊತ್ತಿಗೆ ಅಕ್ಟೋಬರ್ ಆಸುಪಾಸಿನಲ್ಲಿ ಇನ್ನೊಂದು, ಅದು ಹಣ್ಣಿಗೆ. ವಿಜಯಪುರ, ಬಾಗಲಕೋಟೆ ಕಡೆ ಇದಕ್ಕೆ ಚಾಟ್ನಿ ಎನ್ನುತ್ತಾರೆ. ‘ಅಕ್ಟೋಬರ್ ಚಾಟ್ನಿ ಆತೇನು?’ ಎಂಬುದು ಆ ದಿನಗಳಲ್ಲಿ ಕುಶಲಪ್ರಶ್ನೆಯೇ ಸರಿ. ಚಾಟ್ನಿ ಆದ ಮರುದಿನ ಆಳುಗಳು ಕೈಗೆ ರಬ್ಬರ್ ಗವಸು ಹಾಕಿ, ಡಾರ್ಮೆಕ್ಸ್ ಎಂಬ ರಾಸಾಯನಿಕದಲ್ಲಿ ಅದ್ದಿದ ಸ್ಪಾಂಜಿನಿಂದ ಪ್ರತಿ ಕಡ್ಡಿಯ ಪ್ರತಿ ಕಣ್ಣಿಗೂ ಒರೆಸುತ್ತ ಹೋಗುತ್ತಾರೆ. ಎಲ್ಲ ಕಣ್ಣುಗಳೂ ಒಟ್ಟಿಗೆ ಚಿಗುರಲೆಂದು. ಒಂದು ಸಾಲು ಮುಗಿಸಲು ಎಷ್ಟು ಸಲ ಬಗ್ಗಿ ಏಳಬೇಕು ಎಂಬುದನ್ನು ನಿಂತು ನೋಡಿದವರಿಗೆ ಬಾಟಲಿಯ ಬೆಲೆಯ ಅರ್ಥ ಬೇರೆಯಾಗಿ ಹೊಳೆಯುತ್ತದೆ. ಆಮೇಲೆ ಬೂದಿ ರೋಗ, ಬೂಜು ತುಪ್ಪಟ ರೋಗಗಳ ಭಯ. ಹೂ ಕಚ್ಚುವಾಗ ಅಕಾಲದ ಮಳೆ ಬಂದರೆ ರಾತ್ರಿಯೆಲ್ಲ ಸಿಂಪಡಣೆ. ಹಣ್ಣು ಮಾಗುವಾಗ ಎರಡು ಹನಿ ರಸವನ್ನು ರಿಫ್ರಾಕ್ಟೋಮೀಟರಿಗೆ ಬಿಟ್ಟು ಬೆಳಕಿಗೆ ಹಿಡಿದು ಸಕ್ಕರೆ ಅಳೆಯುತ್ತಾರೆ. ತಿನ್ನುವ ದ್ರಾಕ್ಷಿಗೆ ಹದಿನೇಳು ಹದಿನೆಂಟು ಬ್ರಿಕ್ಸ್ ಸಾಕಾದರೆ ವೈನಿಗೆ 22ರಿಂದ 24 ಬೇಕು. ಕೊಯ್ಲು ನಸುಕಿನಲ್ಲಿ. ಬಿಸಿಲೇರಿದರೆ ಕ್ರೇಟಿನಲ್ಲೇ ಹಣ್ಣು ಕೆಡಲು ಶುರು. ಅಕ್ಟೋಬರ್ ಚಾಟ್ನಿಯ ವಾರವನ್ನೇ ಒಂದು ಪ್ರವಾಸವಾಗಿ ಯಾಕೆ ರೂಪಿಸಬಾರದು?

ಈಗ ಬೆಂಗಳೂರು ಬ್ಲೂ ವಿಷಯ. ನನ್ನ ಮಟ್ಟಿಗೆ ಈ ಇಡೀ ಪ್ರಶ್ನೆಯ ಹೃದಯ ಇದೇ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಸುತ್ತಮುತ್ತ ಸುಮಾರು ನೂರೈವತ್ತು ವರ್ಷಗಳಿಂದ ಚಪ್ಪರದ ಮೇಲೆ ಬೆಳೆಯುತ್ತಿರುವ ಈ ಕಪ್ಪುನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಅದರ ಮೇಲೊಂದು ಬೂದುಬಣ್ಣದ ತೆಳು ಪೊರೆ. ಬಾಯಿಗೆ ಹಾಕಿ ಒತ್ತಿದರೆ ದಪ್ಪ ಸಿಪ್ಪೆ ಒಂದು ಕಡೆ, ಲೋಳೆಯಂಥ ತಿರುಳು ಇನ್ನೊಂದು ಕಡೆ. ಬೀಜ ಉಂಟು, ಹುಳಿ ಉಂಟು, ಮೂಗಿಗೆ ಬಡಿಯುವ ಗಾಢ ಪರಿಮಳ ಉಂಟು. ತಳ್ಳುಗಾಡಿಯಲ್ಲಿ ಬುಟ್ಟಿ ಇಟ್ಟರೆ ಬೀದಿಯ ಆ ಕೊನೆಗೆ ಗೊತ್ತಾಗುತ್ತದೆ. ಇದು ಅಮೆರಿಕ ಮೂಲದ ಲ್ಯಾಬ್ರಸ್ಕಾ ಜಾತಿಯ ಗುಣ. ಇಸಬೆಲ್ಲಾ ಎಂಬ ತಳಿಯ ಬಳಗಕ್ಕೆ ಇದನ್ನು ಸೇರಿಸುತ್ತಾರೆ. ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಪಿಂಗಾಣಿ ಭರಣಿಯಲ್ಲಿ ಸಕ್ಕರೆ, ಗೋಧಿ, ಈಸ್ಟ್ ಜೊತೆ ವಾರಗಟ್ಟಲೆ ಕಳಿಯುವ ದ್ರಾಕ್ಷಿ ಇದೇ. ಜ್ಯೂಸು, ಜಾಮು, ಸಿಹಿಯಾದ ಪೋರ್ಟ್ ಬಗೆಯ ಅಗ್ಗದ ವೈನು ಎಲ್ಲಕ್ಕೂ ಇದೇ ಆಧಾರ.

ಗಂಭೀರ ವೈನ್ ತಯಾರಕರು ಮಾತ್ರ ಇದರಿಂದ ದೂರ. ಆ ಪರಿಮಳ ಒರಟು, ಉತ್ತಮ ವೈನಿಗೆ ಒಗ್ಗದು ಎಂಬುದು ಅವರ ಅಭಿಪ್ರಾಯ. ಅದಕ್ಕೆ ಆಧಾರವೂ ಇದೆ. ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಸೇರಿದಂತೆ ಕೆಲವು ಅಮೆರಿಕನ್ ತಳಿಗಳಿಂದ ಮಾಡಿದ ವೈನ್ ಮಾರುವುದನ್ನೇ ನಿಷೇಧಿಸಿತ್ತು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲ್ಯಾಂಡ್‌ನಲ್ಲಿ ಇದೇ ಬಳಗದ ದ್ರಾಕ್ಷಿಗಳಿಂದ ಮಾಡುವ ಊಹುಡ್ಲರ್ ಎಂಬ ವೈನ್ ಒಂದು ಕಾಲದಲ್ಲಿ ಕಾನೂನುಬಾಹಿರವಾಗಿತ್ತು. ಹಳ್ಳಿಯವರು ಹಟ ಬಿಡಲಿಲ್ಲ. 1992ರಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಇಂದು ಆ ಸೀಮೆಗೆ ಬರುವವರು ಕೇಳಿ ಕುಡಿಯುವುದೇ ಅದನ್ನು, ಏಕೆಂದರೆ ಅದು ಬೇರೆ ಕಡೆ ಹಾಗೆ ಸಿಗುವುದಿಲ್ಲ. ಶಿರಾಜ್ ಆಸ್ಟ್ರೇಲಿಯಾದಲ್ಲೂ ಸಿಗುತ್ತದೆ, ಕ್ಯಾಬರ್ನೆ ಚಿಲಿಯಲ್ಲೂ ಸಿಗುತ್ತದೆ. ಬೆಂಗಳೂರು ಬ್ಲೂ ಬೆಂಗಳೂರಿನ ಸೀಮೆಯಲ್ಲೇ ಸಿಗಬೇಕು. ಎಚ್ಚರದಿಂದ ಮಾಡಿದ, ತಣ್ಣಗೆ ಕುಡಿಯುವ ನಸುಗೆಂಪು ವೈನ್, ಅದರ ಜೊತೆ ಹುದುಗಿಸದ ಜ್ಯೂಸ್, ತೋಟದ ಮನೆಯ ಜಾಮ್ ಇವಿಷ್ಟನ್ನು ನಂದಿಯ ತಪ್ಪಲಿನ ಮೊದಲ ಗುರುತಾಗಿ ಇಡಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೇ ತಳಿಯನ್ನು ಬೇರೆ ತಳಿಗಳೊಂದಿಗೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ಹಂಸ್, ಅರ್ಕಾ ತೃಷ್ಣಾದಂಥ ತಳಿಗಳನ್ನು ಕೊಟ್ಟಿದೆ, ವೈನ್ ಮಾಡುವ ಗುಣವನ್ನೂ ಗಮನದಲ್ಲಿ ಇಟ್ಟುಕೊಂಡು. ಅಂಗಡಿಯ ಬಾಟಲಿಗಳ ಮೇಲೆ ಈ ಹೆಸರುಗಳು ಕಾಣುವುದು ಬಲು ಅಪರೂಪ. ನಮ್ಮ ಮನೆಯ ಮಕ್ಕಳ ಪ್ರತಿಭೆಯನ್ನು ನೆಂಟರು ಹೇಳಿದ ಮೇಲೆ ಒಪ್ಪಿಕೊಳ್ಳುವ ಚಾಳಿ ದ್ರಾಕ್ಷಿಯ ವಿಷಯದಲ್ಲೂ ಮುಂದುವರಿದಿದೆ.

ಬೆಳೆಗಾರನ ಲೆಕ್ಕದಲ್ಲೂ ಬೆಂಗಳೂರು ಬ್ಲೂಗೆ ಒಂದು ಹೆಚ್ಚುಗಾರಿಕೆ ಇದೆ. ಶಿರಾಜ್, ಶೆನಿನ್ ಬ್ಲಾಂಕ್‌ನಂಥ ವೈನ್ ತಳಿ ಬೆಳೆಯುವವನು ಒಳ್ಳೆಯ ಗುಣಕ್ಕಾಗಿ ಇಳುವರಿಯನ್ನು ಬೇಕೆಂದೇ ಕಡಿಮೆ ಮಾಡಬೇಕು. ಎಕರೆಗೆ ನಾಲ್ಕೈದು ಟನ್ ದಾಟದಂತೆ ಗೊಂಚಲು ತೆಗೆಯಬೇಕು. ಕಂಪನಿ ಒಪ್ಪಂದದಂತೆ ಕೊಂಡರೆ ಸರಿ, ಕೊಳ್ಳದಿದ್ದರೆ ಆ ಸಣ್ಣ, ಬೀಜ ತುಂಬಿದ ಹಣ್ಣನ್ನು ಸಂತೆಯಲ್ಲಿ ಮೂಸುವವರಿಲ್ಲ. 2008ರ ಆರ್ಥಿಕ ಕುಸಿತದ ನಂತರ, ಇಂಡೇಜ್ ಮುಳುಗಿದ ಕಾಲದಲ್ಲಿ, ಮಹಾರಾಷ್ಟ್ರದ ಎಷ್ಟೋ ರೈತರು ವೈನ್ ದ್ರಾಕ್ಷಿಯ ಬಳ್ಳಿಗಳನ್ನು ಕಿತ್ತೆಸೆದದ್ದು ಇದೇ ಕಾರಣಕ್ಕೆ. ಬೆಂಗಳೂರು ಬ್ಲೂ ಹಾಗಲ್ಲ. ವೈನರಿ ಕೈಬಿಟ್ಟರೂ ಜ್ಯೂಸ್ ಕಾರ್ಖಾನೆ, ತಳ್ಳುಗಾಡಿ ಉಂಟು. ಆದರೂ 2020ರ ಲಾಕ್‌ಡೌನ್‌ನಲ್ಲಿ ಚಿಕ್ಕಬಳ್ಳಾಪುರದ ಬೆಳೆಗಾರರು ಮಾಗಿದ ಹಣ್ಣನ್ನು ತೋಟದಲ್ಲೇ ಬಿಡಬೇಕಾಯಿತು. ಊರಲ್ಲೇ ಹತ್ತು ಮಂದಿ ರೈತರು ಸೇರಿ ಹಣ್ಣು ಹಿಂಡುವ, ಕಾಪಿಡುವ ಸಣ್ಣ ಘಟಕವೊಂದು ಇದ್ದಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತು. ಒಂದು ಬಾಟಲಿ ವೈನಿಗೆ ಬೇಕಾಗುವುದು ಕಿಲೋಗಿಂತ ತುಸು ಹೆಚ್ಚು ಹಣ್ಣು. ಆ ಕಿಲೋಗೆ ರೈತನಿಗೆ ಸಿಗುವುದು ಎರಡಂಕಿಯ ರೂಪಾಯಿ. ಬಾಟಲಿಗೂ ಹಣ್ಣಿಗೂ ನಡುವಿನ ಈ ಅಂತರದಲ್ಲಿ ತೆರಿಗೆ, ಗಾಜು, ಯಂತ್ರ, ವರ್ಷಗಳ ಕಾಯುವಿಕೆ ಎಲ್ಲ ಇವೆ, ನಿಜ. ಆದರೆ ಪ್ರವಾಸಿ ತೋಟಕ್ಕೆ ನಡೆದು ಬಂದಾಗ ಆ ಅಂತರದ ಒಂದು ಪಾಲು ರೈತನ ಅಂಗಳದಲ್ಲೇ ನಿಲ್ಲುವಂತೆ ಮಾಡಬಹುದು.

ಇಟಲಿಯವರು ಇದನ್ನು ಕಾನೂನಿನಿಂದಲೇ ಮಾಡಿದರು. 1985ರ ಅವರ ಕೃಷಿ ಪ್ರವಾಸೋದ್ಯಮ ಕಾಯ್ದೆಯ ಪ್ರಕಾರ ಅತಿಥಿಗೆ ಊಟ ವಸತಿ ಕೊಡುವವನು ಮೊದಲು ಬೇಸಾಯಗಾರನಾಗಿರಬೇಕು. ಅಲ್ಲಿ 1993ರಿಂದ ಮೇ ತಿಂಗಳ ಕೊನೆಯ ಭಾನುವಾರದ ಸುಮಾರಿಗೆ ನೂರಾರು ವೈನರಿಗಳು ಒಟ್ಟಿಗೆ ಬಾಗಿಲು ತೆರೆಯುತ್ತವೆ. ನಮ್ಮ ದ್ರಾಕ್ಷಾರಸ ಮಂಡಳಿ ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ದ್ರಾಕ್ಷಾರಸ ಉತ್ಸವಗಳನ್ನು ನಡೆಸುತ್ತ ಬಂದಿದೆ. ಜನ ಸೇರುತ್ತಾರೆ, ರಿಯಾಯಿತಿಯಲ್ಲಿ ಬಾಟಲಿ ಕೊಳ್ಳುತ್ತಾರೆ, ಅನೇಕರು ಮೊದಲ ಸಲ ರುಚಿ ನೋಡುವುದೂ ಅಲ್ಲೇ. ಆ ಉತ್ಸವಗಳ ಮಹತ್ವವನ್ನು ಕಡೆಗಣಿಸಲಾರೆ. ಆದರೆ ಅರಮನೆ ಅಂಗಳದ ಮಳಿಗೆಯಲ್ಲಿ ಸುರಿದ ವೈನ್ ದೊಡ್ಡಬಳ್ಳಾಪುರಕ್ಕೆ ಯಾರನ್ನೂ ಕರೆತರುವುದಿಲ್ಲ. ಉತ್ಸವ ಊರಿಗೆ ಹೋಗಬೇಕು.

ಊರಿಗೆ ಬಂದವರ ಜೊತೆ ಯಾವ ಭಾಷೆಯಲ್ಲಿ ಮಾತಾಡುವುದು? ನಮ್ಮ ವೈನರಿಗಳ ಪ್ರವಾಸ, ಫಲಕ, ರುಚಿಯ ವಿವರ ಹೆಚ್ಚುಪಾಲು ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಹುಬ್ಬಳ್ಳಿಯಿಂದ ಬಂದ ಮೇಷ್ಟ್ರೊಬ್ಬರು, ತುಮಕೂರಿನಿಂದ ಬಂದ ಬ್ಯಾಂಕ್ ನೌಕರರ ಕುಟುಂಬ ಅಲ್ಲಿ ಮುದುಡಿ ನಿಲ್ಲುತ್ತಾರೆ. ನಮ್ಮ ನಾಲಗೆಗೆ ರುಚಿಯ ಮಾತುಗಳಿಗೆ ಬರವೇ? ಒಗರು, ಹುಳಿ, ಕಟು, ಘಮ, ಜಿಡ್ಡು ಎಲ್ಲ ನಮ್ಮ ಅಡುಗೆಮನೆಯ ಮಾತುಗಳು. ಕೆಂಪು ವೈನ್ ನಾಲಗೆಯನ್ನು ಹಿಡಿದಂತೆ ಮಾಡುವುದನ್ನು ನೇರಳೆಹಣ್ಣು ತಿಂದ ಕನ್ನಡಿಗನಿಗೆ ವಿವರಿಸಬೇಕಾಗಿಯೇ ಇಲ್ಲ. ಊಟದ ಕಥೆಯೂ ಇಷ್ಟೇ. ಚೀಸು, ಪಿಜ್ಜಾ ಎಲ್ಲ ಕಡೆ ಸಿಗುತ್ತವೆ. ನಂದಿಯ ತಪ್ಪಲಿನ ಬಸ್ಸಾರು, ನಾಟಿಕೋಳಿ ಸಾರು, ಮುದ್ದೆಯ ಜೊತೆ ಯಾವ ವೈನ್ ಹೊಂದುತ್ತದೆ ಎಂದು ಹೇಳುವವರು ಬೇಕು. ಖಾರದ ಜೊತೆ ಒಗರು ಹೆಚ್ಚಿರುವ ಕೆಂಪು ವೈನ್ ಬಾಯಿ ಉರಿಸುತ್ತದೆ. ನಸುಸಿಹಿಯ ಶೆನಿನ್ ಬ್ಲಾಂಕ್, ತಣ್ಣಗಿನ ರೋಜೆ ಆ ಖಾರವನ್ನು ತಣಿಸುತ್ತವೆ. ಇಷ್ಟು ಸಣ್ಣ ಮಾತು ಕನ್ನಡದಲ್ಲಿ, ಊಟದ ಎಲೆಯ ಮುಂದೆ ಹೇಳಿದರೆ ಸಾಕು.

ಕೃಷ್ಣಾ ಕಣಿವೆಗೆ ಇನ್ನೂ ದೊಡ್ಡ ಅವಕಾಶ ಇದೆ, ಮತ್ತು ಅಲ್ಲೇ ಕೆಲಸ ಅತಿ ಕಡಿಮೆ ಆಗಿದೆ. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ದ್ರಾಕ್ಷಿ ಎಂದರೆ ಬದುಕು. ಅದರಲ್ಲಿ ಬಹುಪಾಲು ಥಾಮ್ಸನ್ ಬಳಗದ ಬೀಜರಹಿತ ಹಣ್ಣು, ಒಣದ್ರಾಕ್ಷಿಗೆಂದೇ ಬೆಳೆದದ್ದು. ಶೆಡ್‌ಗಳಲ್ಲಿ ಹಂತಹಂತವಾಗಿ ಕಟ್ಟಿದ ಬಲೆಗಳ ಮೇಲೆ ಹಸಿರು ಹಣ್ಣು ದಿನದಿಂದ ದಿನಕ್ಕೆ ಹೊಂಬಣ್ಣಕ್ಕೆ ತಿರುಗುವುದನ್ನು ಫೆಬ್ರವರಿ, ಮಾರ್ಚ್‌ನಲ್ಲಿ ನೋಡಬೇಕು. ಆ ಒಣದ್ರಾಕ್ಷಿಯ ದೊಡ್ಡ ಪಾಲು ಗಡಿ ದಾಟಿ ತಾಸಗಾಂವ, ಸಾಂಗ್ಲಿ ಮಾರುಕಟ್ಟೆ ಸೇರುತ್ತದೆ. ಅಲ್ಲಿಗೆ ಹೋದ ಮೇಲೆ ವಿಜಯಪುರದ ಹೆಸರು ಉಳಿಯುವುದಿಲ್ಲ. ತೊರವಿಯ ಬಳಿ ವೈನ್ ಪಾರ್ಕ್ ಮಾಡುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ, ರೈತರು ಕೇಳಿ ಕೇಳಿ ಸೋತಿದ್ದಾರೆ. ಗೋಳಗುಮ್ಮಟ ನೋಡಲು ಬರುವ ಪ್ರವಾಸಿ ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿಯ ದಾರಿಯಲ್ಲೇ ಸಾಗುತ್ತಾನೆ. ಅವನ ದಾರಿಯಲ್ಲಿ ಒಂದು ಒಣದ್ರಾಕ್ಷಿ ಶೆಡ್, ಒಂದು ಸಣ್ಣ ವೈನರಿ, ಖಡಕ್ ರೊಟ್ಟಿ ಎಣ್ಣೆಗಾಯಿಯ ಊಟ ಇರುವಂತೆ ನೋಡಿಕೊಂಡರೆ ಒಂದು ರಾತ್ರಿ ಹೆಚ್ಚು ತಂಗುತ್ತಾನೆ. ಕೊಪ್ಪಳದ ಬೆಟ್ಟಗಳನ್ನು ಹಂಪಿಯ ಜೊತೆ ಜೋಡಿಸುವುದು ಇನ್ನೂ ಸುಲಭ.

ಕನ್ನಡ ನಾಡಿನ ಸಾಮಾನ್ಯ ಪ್ರವಾಸಿಗೆ ‘ವೈನ್’ ಎಂದೊಡನೆ ನೆನಪಾಗುವುದು ಇವು ಯಾವುವೂ ಅಲ್ಲ, ಮಡಿಕೇರಿಯ ಅಂಗಡಿಗಳ ‘ಹೋಮ್‌ಮೇಡ್ ವೈನ್’. ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆಯಿಂದಲೂ ಮಾಡಿದ್ದು. ಪರವಾನಗಿ ಇಲ್ಲದೆ ಮಾರುವುದು ಅಪರಾಧ, ಆಗಾಗ ಅಬಕಾರಿ ದಾಳಿಗಳೂ ಆಗುತ್ತವೆ. ಗುಣಮಟ್ಟ ಹೇಳಲಾಗದು. ಆದರೂ ಪ್ರವಾಸಿ ಆ ಊರಿನ ನೆನಪಾಗಿ ಏನನ್ನೋ ಕೊಳ್ಳಲು ಎಷ್ಟು ಹಾತೊರೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮನೆಯ ಹೆಂಗಸರು ಮಾಡುವ ಇಂಥ ಹಣ್ಣಿನ ವೈನಿಗೆ ಸರಳ ಪರವಾನಗಿ, ಪರೀಕ್ಷೆ, ಮುದ್ರೆ ಕೊಡುವ ದಾರಿ ಹುಡುಕುವುದು ದಾಳಿ ಮಾಡುವುದಕ್ಕಿಂತ ಮೇಲು.

ಮದ್ಯದ ಕಾನೂನುಗಳು ಸಣ್ಣವರಿಗೆ ಭಾರ. ಮದ್ಯ ಜಿಎಸ್‌ಟಿಯ ಹೊರಗಿದೆ, ಪ್ರತಿ ರಾಜ್ಯಕ್ಕೂ ತನ್ನದೇ ಸುಂಕ, ಲೇಬಲ್ ನೋಂದಣಿ. ಕರ್ನಾಟಕದ ವೈನ್ ಗಡಿ ದಾಟಿದರೆ ಪರದೇಶದ ಸರಕಿನಂತೆ. ರಾಜ್ಯದೊಳಗೂ ಸಗಟು ವಿತರಣೆ 2003ರಿಂದ ರಾಜ್ಯ ಪಾನೀಯ ನಿಗಮದ ಮೂಲಕವೇ ಆಗಬೇಕು. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ, ಅದು ಸರಿಯೇ. ಹೀಗಿರುವಾಗ ಸಣ್ಣ ವೈನರಿಗೆ ಉಳಿಯುವ ಏಕೈಕ ಪ್ರಚಾರ ತನ್ನ ಗೇಟು ತೆರೆದಿಡುವುದು.

ಇನ್ನು ಎಲ್ಲಕ್ಕಿಂತ ಭಾರವಾದ ಆಕ್ಷೇಪ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಕುಡಿತ ಅವರ ಮನೆಗಳನ್ನು ಏನು ಮಾಡಿದೆ ಎಂದು ತಿಳಿದವರು ಅವರು. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಹಳೆಯ ಮಾತನ್ನು ಇನ್ನು ಯಾವ ವೈನರಿಯ ಮಾರ್ಗದರ್ಶಿಯೂ ಆಡಬಾರದು. ಸಾರಾಯಿ ಬಡವರದು, ವೈನ್ ಸಂಸ್ಕೃತಿಯವರದು ಎಂಬ ಭೇದವನ್ನೂ ನಾನು ಒಪ್ಪುವುದಿಲ್ಲ. 12–14 ಶೇಕಡಾ ಆಲ್ಕೋಹಾಲ್ ಇರುವ ವೈನ್ ಕೂಡ ಮದ್ಯವೇ. ಇಷ್ಟನ್ನು ಒಪ್ಪಿಕೊಂಡೇ ನಾನು ವೈನ್ ಪ್ರವಾಸೋದ್ಯಮದ ಪರ ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಮಾರಬೇಕಾದದ್ದು ಹೆಚ್ಚು ಕುಡಿತವಲ್ಲ, ಒಂದು ತೋಟದ ಮೇಲಿನ ಆಸಕ್ತಿ. ಅಳತೆಯ ಗುಟುಕು, ಉಗುಳಲು ಪಾತ್ರೆ, ಕುಡಿಯದವರಿಗೆ ಸರಿಸಮನಾದ ದ್ರಾಕ್ಷಿರಸ, ಮತ್ತು ಮುಖ್ಯವಾಗಿ ವಾಹನ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ರುಚಿ ನೋಡಿ ತಾನೇ ಕಾರು ಓಡಿಸಿಕೊಂಡು ಮರಳುವವರಿಗೆ ಬೇರೆ ದಾರಿಯನ್ನೇ ನಾವು ಕೊಟ್ಟಿಲ್ಲ. ರಾಜ್ಯ ಪ್ರವಾಸೋದ್ಯಮ ನಿಗಮ ವಾರಾಂತ್ಯಕ್ಕೆ ಒಂದು ಬಸ್ಸನ್ನು ಬಿಡಲಿ: ಭೋಗನಂದೀಶ್ವರ ದೇವಾಲಯ, ಒಂದು ಬೆಂಗಳೂರು ಬ್ಲೂ ತೋಟ, ಒಂದು ವೈನರಿ, ದೇವನಹಳ್ಳಿಯ ಚಕ್ಕೋತದ ತೋಟ. ಚಕ್ಕೋತಕ್ಕೂ ಭೌಗೋಳಿಕ ಸೂಚ್ಯಂಕ ಉಂಟು.

ತೋಟವೇ ಉಳಿಯದಿದ್ದರೆ ಬಸ್ಸು ಹೋಗುವುದಾದರೂ ಎಲ್ಲಿಗೆ? ಬೆಂಗಳೂರಿನ ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ದ್ರಾಕ್ಷಿ ಚಪ್ಪರಗಳು ಲೇಔಟುಗಳಾಗುತ್ತಿವೆ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗದ ಊರುಗಳಿವೆ. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕೂತು ತಮ್ಮ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಕೈಬಿಡುವಂತೆ ಮಾಡಿದರು. ಆ ಫಲವತ್ತಾದ ಭೂಮಿಯಲ್ಲಿ ದ್ರಾಕ್ಷಿಯೂ ಇದೆ. ಭೂಮಿ ಉಳಿಸಿಕೊಂಡವರಿಗೆ ಅದರಿಂದ ಬದುಕು ಸಾಗುವುದೂ ಮುಖ್ಯ, ವೈನ್ ಪ್ರವಾಸ ಅದಕ್ಕೊಂದು ಸಣ್ಣ ಆಸರೆಯಾಗಬಹುದು.

ಹಾಗಾದರೆ ಮೊದಲು ಆಗಬೇಕಾದದ್ದು ಯಾವುದು? ಹೆಚ್ಚು ಹಣ ಬೇಡದ ಕೆಲಸದಿಂದಲೇ ಶುರು ಮಾಡಬಹುದು. ಕರ್ನಾಟಕದಲ್ಲಿ ತಯಾರಾಗುವ ಪ್ರತಿ ವೈನಿನ ಹಿಂಬದಿಯ ಚೀಟಿಯಲ್ಲಿ ಹಣ್ಣು ಬೆಳೆದ ಊರು, ತಾಲ್ಲೂಕು, ಕೊಯ್ಲಿನ ತಿಂಗಳು ಕನ್ನಡದಲ್ಲಿ ಇರಲಿ. ಮಂಡಳಿ ಮನಸ್ಸು ಮಾಡಿದರೆ ತನ್ನ ಉತ್ಸವಗಳಲ್ಲಿ ಮಳಿಗೆ ಕೊಡುವಾಗಲೇ ಇದನ್ನು ಷರತ್ತಾಗಿ ಇಡಬಹುದು. ನಂದಿ ಕಣಿವೆಯ ವೈನಿಗೂ ಕೃಷ್ಣಾ ಕಣಿವೆಯ ವೈನಿಗೂ ಪ್ರತ್ಯೇಕ ಭೌಗೋಳಿಕ ಸೂಚ್ಯಂಕದ ಅರ್ಜಿಗೆ ಬೇಕಾದ ದಾಖಲೆ ಹೀಗೆಯೇ ಕೂಡುತ್ತ ಹೋಗುತ್ತದೆ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ನೋಡಿದವನು ಪಕ್ಕದ ಊರಿನ ಹೆಸರು ಓದಿ, ಈ ಭಾನುವಾರ ಹೋಗಿ ಬರೋಣ ಎನ್ನುವಂತಾದರೆ ದಾರಿ ತೆರೆದಂತೆ.